ತಡೆದಾಗ ತಾನೇ ಹಿಂದಿರುಗುವ ಮೋಟಾರು

ಓಡುತ್ತಿರುವ ಒಂದು ಸಣ್ಣ ವಿದ್ಯುತ್ ಮೋಟಾರಿನ ಅಕ್ಷದಂಡವನ್ನು ಬೆರಳುಗಳಿಂದ ಬಿಗಿಯಾಗಿ ಹಿಡಿದು ನಿಲ್ಲಿಸಿದರೆ ಏನಾಗುತ್ತದೆ? ಮೋಟಾರು ನಿಂತಿತು, ಕೆಲಸ ತಪ್ಪಿತು, ಆದುದರಿಂದ ಅದಕ್ಕೆ ವಿಶ್ರಾಂತಿ ದೊರೆಯಿತು ಎಂದು ಹೊರನೋಟಕ್ಕೆ ತೋರಬಹುದು. ನಿಜಸ್ಥಿತಿಯಾದರೋ ಇದಕ್ಕೆ ತೀರ ವಿರುದ್ಧವಾದುದು. ಕೆಸರಿನಲ್ಲಿ ಚಕ್ರ ಹೂತುಹೋದ ಗಾಡಿಯ ಎತ್ತುಗಳನ್ನು ನಿಮ್ಮಲ್ಲಿ ಕೆಲವರಾದರೂ ರಜೆಯಲ್ಲಿ ಊರಿಗೆ ಹೋದಾಗ ಕಂಡಿರಬಹುದು. ಗಾಡಿ ಒಂದು ಅಂಗುಲವೂ ಮುಂದೆ ಸರಿಯದು; ಆದರೆ ದಾರಿಯುದ್ದಕ್ಕೂ ಎಳೆಯುವಾಗ ಪಡದಷ್ಟು ಶ್ರಮವನ್ನು ಎತ್ತುಗಳು ಆ ನಿಂತ ನೆಲದಲ್ಲೇ ಪಡುತ್ತವೆ. ತಡೆಯಲ್ಪಟ್ಟ ಮೋಟಾರಿನ ಅವಸ್ಥೆಯೂ ಅಂಥದೇ. ಅನುಭವಸ್ಥನಾದ ಗಾಡಿಯವನು ಆಗ ಚಾವಟಿಯನ್ನು ಬೀಸುತ್ತ ಕೂಡುವುದಿಲ್ಲ. ಎತ್ತುಗಳನ್ನು ಒಂದೆರಡು ಹೆಜ್ಜೆ ಹಿಂದಕ್ಕೆ ಸರಿಸಿ, ಚಕ್ರವನ್ನು ಸಡಿಲಿಸಿಕೊಂಡು, ಮತ್ತೆ ಮುಂದಕ್ಕೆ ಹೊಡೆಯುತ್ತಾನೆ. ಈ ವಿವೇಕವನ್ನು ಜೀವವಿಲ್ಲದ ಮೋಟಾರಿಗೆ ಕಲಿಸುವುದು ಹೇಗೆ ಎಂಬುದೇ ನಮ್ಮ ಈ ಲೇಖನದ ವಿಷಯ.

ನಗರದಲ್ಲಿ ಬೆಳೆಯುತ್ತಿರುವ ನಿಮಗೆ ಇಂತಹ ಯಂತ್ರಗಳು ಅಪರಿಚಿತವಲ್ಲ. ಮೆಟ್ರೋ ರೈಲಿನ ಬಾಗಿಲು ಮುಚ್ಚುತ್ತಿರುವಾಗ ಯಾರದಾದರೂ ಚೀಲ ಸಿಕ್ಕಿಕೊಂಡರೆ ಅದು ಮತ್ತೆ ತೆರೆದುಕೊಳ್ಳುತ್ತದೆ. ಕಚೇರಿಗಳಲ್ಲಿ ಹಳೆಯ ಕಾಗದಗಳನ್ನು ಎಳೆಎಳೆಯಾಗಿ ಕತ್ತರಿಸುವ ಯಂತ್ರಕ್ಕೆ ದಪ್ಪನೆಯ ಕಟ್ಟನ್ನು ತುರುಕಿದರೆ, ಒಳ್ಳೆಯ ಯಂತ್ರವಾಗಿದ್ದಲ್ಲಿ, ಒಂದು ಕ್ಷಣ ಗೊಣಗಿ ಕಾಗದವನ್ನು ಹೊರಕ್ಕೆ ಉಗುಳುತ್ತದೆ. ಮೋಟಾರುಕಾರಿನ ಕಿಟಕಿಯ ಗಾಜು ಮೇಲೇರುವಾಗ ಮಗುವಿನ ಕೈ ಅಡ್ಡ ಬಂದರೆ ಗಾಜು ಕೆಳಗಿಳಿಯುತ್ತದೆ. ಎಲ್ಲ ಕಾರುಗಳಲ್ಲಿಯೂ ಅಲ್ಲ, ಆ ವ್ಯವಸ್ಥೆ ಇರುವ ಕಾರುಗಳಲ್ಲಿ ಮಾತ್ರ. ಆ ವ್ಯವಸ್ಥೆ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಇರುವ ಅಂತರ ಒಂದು ಮಗುವಿನ ಬೆರಳು, ಕೆಲವೊಮ್ಮೆ ಕೊರಳು ಎಂಬುದನ್ನು ನೆನೆದರೆ, ಇದು ಬರಿಯ ಆಟಿಕೆಯ ವಿಷಯವಲ್ಲವೆಂದು ಮನದಟ್ಟಾಗುವುದು.

ಮೊದಲು ಒಂದು ಮಾತಿನ ವಿಚಾರ. ತಿರುಗಬೇಕಾದ ಮೋಟಾರು ವಿದ್ಯುತ್ ಹರಿಯುತ್ತಿದ್ದರೂ ತಿರುಗಲಾರದೆ ನಿಂತುಬಿಡುವುದನ್ನು ಇಂಗ್ಲಿಷ್ ಪುಸ್ತಕಗಳು ‘ಸ್ಟಾಲ್’ ಎನ್ನುತ್ತವೆ. ರಿಪೇರಿ ಅಂಗಡಿಯವರು ‘ಜಾಮ್ ಆಗಿದೆ’ ಎನ್ನುತ್ತಾರೆ. ನಾವು ಇಲ್ಲಿ ‘ಸ್ತಂಭನ’ ಎಂಬ ಮಾತನ್ನು ಬಳಸೋಣ. ಕಂಬದಂತೆ ನಿಂತುಬಿಡುವುದು ಎಂಬ ಅರ್ಥ ಅದರೊಳಗೇ ಇರುವುದರಿಂದ ನಮಗೆ ಅದು ಹಿಡಿಸುತ್ತದೆ.

ಇನ್ನು ಮೋಟಾರಿನ ಒಳಗನ್ನು ನೋಡೋಣ. ಆಟಿಕೆಗಳಲ್ಲಿರುವ ಸಣ್ಣ ಮೋಟಾರಿನ ಕವಚದ ಒಳಮೈಗೆ ಎರಡು ಶಾಶ್ವತ ಕಾಂತಗಳು ಅಂಟಿಕೊಂಡಿರುತ್ತವೆ. ನಡುವೆ ತಾಮ್ರದ ತಂತಿಯ ಸುರುಳಿಗಳನ್ನು ಹೊತ್ತ ಆರ್ಮೇಚರು ತಿರುಗುತ್ತದೆ. ಬ್ಯಾಟರಿಯ ವಿದ್ಯುತ್ತು ಬ್ರಷ್ಷುಗಳ ಮೂಲಕ ಸುರುಳಿಗೆ ಹರಿದಾಗ, ಕಾಂತಕ್ಷೇತ್ರದಲ್ಲಿರುವ ಆ ತಂತಿಯ ಮೇಲೆ ಬಲ ಉಂಟಾಗುತ್ತದೆ. ಅದರ ದಿಕ್ಕನ್ನು ಫ್ಲೆಮಿಂಗನ ಎಡಗೈ ನಿಯಮ ತಿಳಿಸುತ್ತದೆ. ಇಷ್ಟನ್ನು ನೀವು ಪಾಠದಲ್ಲಿ ಓದಿದ್ದೀರಿ. ಪರೀಕ್ಷೆಯ ಅವಸರದಲ್ಲಿ ನಾವೆಲ್ಲರೂ ಬೇಗನೆ ದಾಟಿಬಿಡುವ ಸಂಗತಿ ಮುಂದಿನದು. ತಿರುಗುತ್ತಿರುವ ಆ ಸುರುಳಿಯು ಕಾಂತಕ್ಷೇತ್ರವನ್ನು ಕತ್ತರಿಸುತ್ತ ಹೋಗುವುದರಿಂದ, ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ಪ್ರೇರಣೆಯ ತತ್ತ್ವಕ್ಕನುಸಾರವಾಗಿ, ಅದರಲ್ಲಿ ತಾನಾಗಿಯೇ ಒಂದು ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. ಅದು ಬ್ಯಾಟರಿಗೆ ನೆರವಾಗುವುದಿಲ್ಲ, ಎದುರು ನಿಲ್ಲುತ್ತದೆ ಎಂಬುದು 1834ರಲ್ಲಿ ಲೆಂಟ್ಸ್ ಎಂಬ ವಿಜ್ಞಾನಿ ನಿರೂಪಿಸಿದ ನಿಯಮದಿಂದ ತಿಳಿಯುತ್ತದೆ. ಎಂದರೆ ಓಡುವ ಪ್ರತಿಯೊಂದು ಮೋಟಾರೂ ಅದೇ ವೇಳೆಯಲ್ಲಿ ಒಂದು ಡೈನಮೋ ಆಗಿರುತ್ತದೆ! ಈ ವಿರೋಧಿ ವಿದ್ಯುಚ್ಚಾಲಕ ಬಲವೇ ಮೋಟಾರಿನ ರಕ್ಷಾಕವಚ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಬಳಿ 6 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಒಂದು ಮೋಟಾರು ಇದೆಯೆಂದೂ, ಅದರ ಸುರುಳಿಯ ರೋಧ 2 ಓಮ್ ಎಂದೂ ಇಟ್ಟುಕೊಳ್ಳೋಣ. ಹದವಾದ ಹೊರೆಯನ್ನು ಹೊತ್ತು ತಿರುಗುವಾಗ ಅದರಲ್ಲಿ ಹುಟ್ಟುವ ವಿರೋಧಿ ಬಲ 5 ವೋಲ್ಟು ಆಗಿದ್ದರೆ, ಪ್ರವಾಹವನ್ನು ನೂಕಲು ಉಳಿಯುವುದು 1 ವೋಲ್ಟು ಮಾತ್ರ. ಓಮನ ನಿಯಮದಂತೆ ಪ್ರವಾಹ ಅರ್ಧ ಆಂಪಿಯರು. ಈಗ ಅಕ್ಷದಂಡವನ್ನು ಹಿಡಿದು ನಿಲ್ಲಿಸಿರಿ. ತಿರುಗದಿದ್ದ ಮೇಲೆ ವಿರೋಧಿ ಬಲವೆಲ್ಲಿ? ಅದು ಸೊನ್ನೆಯಾಗುತ್ತದೆ. ಪೂರ್ಣ 6 ವೋಲ್ಟೂ ಆ 2 ಓಮಿನ ಮೇಲೆ ಬೀಳುತ್ತದೆ. ಪ್ರವಾಹ 3 ಆಂಪಿಯರಿಗೆ ಜಿಗಿಯುತ್ತದೆ. ಪ್ರವಾಹ ಹೆಚ್ಚಿದುದು ಆರು ಪಟ್ಟು. ಆದರೆ ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಅದು ಮೂವತ್ತಾರು ಪಟ್ಟು ಹೆಚ್ಚುತ್ತದೆ: ಅರ್ಧ ವ್ಯಾಟ್ ಇದ್ದದ್ದು 18 ವ್ಯಾಟ್! ಮೊದಲು ಬ್ಯಾಟರಿ ಕೊಡುತ್ತಿದ್ದ 3 ವ್ಯಾಟಿನಲ್ಲಿ ಎರಡೂವರೆ ವ್ಯಾಟ್ ತಿರುಗುವ ಕೆಲಸಕ್ಕೆ ಸಲ್ಲುತ್ತಿತ್ತು. ಈಗ ಹದಿನೆಂಟೂ ಬೆಂಕಿಗೆ. ಹೆಬ್ಬೆರಳಿನ ಗಾತ್ರದ ಕವಚದೊಳಗೆ ಅಷ್ಟು ಶಾಖ ಹುಟ್ಟಿದರೆ ತಂತಿಯ ಮೇಲಿನ ಮೆರುಗೆಣ್ಣೆಯ ಲೇಪ ಕರಗಿ, ಸುರುಳಿಗಳು ಒಂದಕ್ಕೊಂದು ತಾಗಿ, ಸುಟ್ಟ ವಾಸನೆ ಬರುವುದಕ್ಕೆ ಬಹಳ ಹೊತ್ತು ಬೇಕಿಲ್ಲ.

ಇದನ್ನು ಕಣ್ಣಾರೆ ಕಾಣಬಯಸುವವರಿಗೆ ಅಗ್ಗವಾದ ಪ್ರಯೋಗವೊಂದುಂಟು. ನಾಲ್ಕು ಟಾರ್ಚ್ ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಅವುಗಳಿಗೆ ಒಂದು ಸಣ್ಣ ಆಟಿಕೆ ಮೋಟಾರನ್ನೂ ಒಂದು ತಂತುವಿನ ಬಲ್ಬನ್ನೂ ಒಂದರ ಹಿಂದೆ ಒಂದರಂತೆ ಸೇರಿಸಿರಿ. ಬಲ್ಬು ಹಳೆಯ ಕಾಲದ ಟಾರ್ಚಿನದಾಗಿರಬೇಕು. ಈಗಿನ ಎಲ್‌ಇಡಿ ನಡೆಯದು. ಮೋಟಾರು ಸರಾಗವಾಗಿ ತಿರುಗುತ್ತಿರುವಾಗ ಬಲ್ಬು ಮಂಕಾಗಿ, ಕೆಲವೊಮ್ಮೆ ಉರಿಯದೆಯೇ ಇರುತ್ತದೆ. ಅಕ್ಷದಂಡವನ್ನು ಬೆರಳಿನಿಂದ ಒತ್ತಿದಂತೆಲ್ಲ ಅದು ಹೊಳಪೇರುತ್ತದೆ. ಪೂರ್ತಿ ನಿಲ್ಲಿಸಿದೊಡನೆ ಪ್ರಕಾಶಮಾನವಾಗಿ ಉರಿಯುತ್ತದೆ. ಬಲ್ಬೇ ಪ್ರವಾಹಕ್ಕೆ ಕಡಿವಾಣ ಹಾಕುವುದರಿಂದ ಮೋಟಾರು ಸುಡುವ ಭಯವಿಲ್ಲ. ತಡೆ ಎಲ್ಲಿದೆಯೋ ಅಲ್ಲಿಗೆ ಕಣ್ಣು ಹಾಯಿಸದೆ, ಬೇರೊಂದು ಮೂಲೆಯಲ್ಲಿ ಕುಳಿತ ಬಲ್ಬನ್ನು ನೋಡಿ ‘ಮೋಟಾರಿಗೆ ತೊಂದರೆಯಾಗಿದೆ’ ಎಂದು ಹೇಳಬಹುದಾಯಿತಲ್ಲವೇ? ಸ್ತಂಭನವನ್ನು ಗುರುತಿಸುವ ವಿದ್ಯೆಯ ಮೊದಲ ಅಕ್ಷರವೇ ಇದು. ಗೋಡೆಯ ಪ್ಲಗ್ಗಿನ 230 ವೋಲ್ಟನ್ನು ಮಾತ್ರ ಈ ಪ್ರಯೋಗದ ಹತ್ತಿರಕ್ಕೂ ತರಬೇಡಿರಿ.

ನಿಮ್ಮ ಮನೆಯ ಮಿಕ್ಸಿಯ ತಳವನ್ನು ತಿರುವಿ ನೋಡಿದರೆ, ಅನೇಕ ಮಿಕ್ಸಿಗಳಲ್ಲಿ ಒಂದು ಕೆಂಪು ಗುಂಡಿ ಕಾಣಸಿಗುತ್ತದೆ. ನೀರು ಸಾಲದ ಚಟ್ನಿಯೋ ಅಳತೆ ಮೀರಿದ ಅಕ್ಕಿಯೋ ಬ್ಲೇಡನ್ನು ಕಟ್ಟಿಹಾಕಿದಾಗ, ಏರಿದ ಪ್ರವಾಹವು ಆ ಗುಂಡಿಯ ಹಿಂದಿನ ರಕ್ಷಕವನ್ನು ಸಿಡಿಸಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಹೊರೆಯನ್ನು ಇಳಿಸಿ, ಸ್ವಲ್ಪ ತಣಿಯಲು ಬಿಟ್ಟು, ಗುಂಡಿಯನ್ನು ಒತ್ತಿದರೆ ಮಿಕ್ಸಿ ಮತ್ತೆ ಸಿದ್ಧ. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತ ಹಿರಿಯರ ಪರಂಪರೆ ಈ ಮುಂಬಯಿಗೆ ಉಂಟು. ಅಡುಗೆಮನೆಯ ಯಂತ್ರಗಳ ಇಂತಹ ಗುಟ್ಟುಗಳನ್ನು ಅವರು ಪುಸ್ತಕದ ನೆರವಿಲ್ಲದೆಯೇ ಅರಿತಿದ್ದರು. ಆದರೆ ಗಮನಿಸಿರಿ: ಮಿಕ್ಸಿಯು ನಿಲ್ಲುತ್ತದೆ, ಅಷ್ಟೇ, ಹಿಂದಿರುಗುವುದಿಲ್ಲ. ಹಿಂದಿರುಗಬೇಕಾದರೆ ಇನ್ನೂ ಎರಡು ಸಂಗತಿಗಳು ಬೇಕು. ತಿರುಗುವ ದಿಕ್ಕನ್ನು ಬದಲಿಸುವ ಉಪಾಯ ಒಂದು. ಬದಲಿಸಿದುದನ್ನು ನೆನಪಿಟ್ಟುಕೊಳ್ಳುವ ಉಪಾಯ ಇನ್ನೊಂದು.

ಶಾಶ್ವತ ಕಾಂತದ ಮೋಟಾರಿನ ದಿಕ್ಕನ್ನು ಬದಲಿಸುವುದು ಸುಲಭ. ಬ್ಯಾಟರಿಯ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಕಾಂತ ಇದ್ದಂತೆಯೇ ಇದ್ದು ಸುರುಳಿಯ ಪ್ರವಾಹ ಮಾತ್ರ ತಿರುವುಮುರುವಾಗುವುದರಿಂದ ಬಲವೂ ತಿರುವುಮುರುವಾಗುತ್ತದೆ. ಇದೇ ಕ್ರಮವನ್ನು ಮಿಕ್ಸಿಯ ಮೋಟಾರಿಗೆ ಅನ್ವಯಿಸಿದರೆ ಏನೂ ಆಗುವುದಿಲ್ಲ ಎಂಬುದು ಹಲವರಿಗೆ ಆಶ್ಚರ್ಯವನ್ನು ತರಬಹುದು. ಅದರಲ್ಲಿ ಶಾಶ್ವತ ಕಾಂತವಿಲ್ಲ. ಕಾಂತಕ್ಷೇತ್ರವನ್ನು ಒದಗಿಸುವುದೂ ಅದೇ ಪ್ರವಾಹ ಹರಿಯುವ ಇನ್ನೊಂದು ಸುರುಳಿ. ತಂತಿಗಳನ್ನು ಅದಲುಬದಲು ಮಾಡಿದರೆ ಎರಡೂ ಒಟ್ಟಿಗೆ ತಿರುವಾಗಿ, ಋಣವನ್ನು ಋಣದಿಂದ ಗುಣಿಸಿದಾಗ ಧನ ಬರುವಂತೆ, ಮೊದಲಿನ ದಿಕ್ಕೇ ಉಳಿಯುತ್ತದೆ. ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುವ ಮನೆಯ ವಿದ್ಯುತ್ತಿನಲ್ಲಿ ಅದು ಒಂದೇ ಕಡೆಗೆ ತಿರುಗುತ್ತಿರುವುದೂ ಈ ಕಾರಣದಿಂದಲೇ.

ತಂತಿಗಳನ್ನು ಕೈಯಿಂದ ಬಿಚ್ಚಿ ಕಟ್ಟುತ್ತ ಕೂಡುವ ಬದಲು, ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ‘ಡಿಪಿಡಿಟಿ’ ಎಂದು ಕೇಳಿದರೆ ದೊರೆಯುವ ಆರು ಕಾಲಿನ ಸ್ವಿಚ್ಚನ್ನು ಬಳಸಬಹುದು. ನಡುವಿನ ಎರಡು ಕಾಲುಗಳಿಗೆ ಮೋಟಾರು. ಒಂದು ತುದಿಯ ಎರಡಕ್ಕೆ ಬ್ಯಾಟರಿ. ಆ ತುದಿಯಿಂದ ಇನ್ನೊಂದು ತುದಿಯ ಎರಡಕ್ಕೆ ಕತ್ತರಿಯಂತೆ ಅಡ್ಡಹಾಯ್ದ ಎರಡು ತಂತಿಗಳು. ಹಿಡಿಕೆಯನ್ನು ಅತ್ತ ದೂಡಿದರೆ ಮೋಟಾರು ಮುಂದಕ್ಕೆ, ಇತ್ತ ದೂಡಿದರೆ ಹಿಂದಕ್ಕೆ. ಇಂತಹುದೇ ಸಂಪರ್ಕಗಳನ್ನು ಹೊತ್ತ ರಿಲೇ ಎಂಬ ವಿದ್ಯುತ್ಕಾಂತ ಸ್ವಿಚ್ಚು ಬಂದಾಗ ದೂಡುವ ಕೈಯೂ ಬೇಡವಾಯಿತು. ಅವುಗಳಲ್ಲಿ ಒಂದು ಜಾತಿಯದು ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಗುಂಡಿ ಒತ್ತಿದರೆ ಮೊನೆ ಹೊರಬಂದು, ಮತ್ತೊಮ್ಮೆ ಒತ್ತಿದರೆ ಒಳಸೇರುವ ಬಾಲ್‌ಪೆನ್ನನ್ನು ನೀವು ದಿನವೂ ಬಳಸುತ್ತೀರಿ. ಇಂಪಲ್ಸ್ ರಿಲೇ ಎಂಬುದೂ ಹಾಗೆಯೇ: ಒಂದು ಸಣ್ಣ ವಿದ್ಯುತ್ ತಟ್ಟು ತಗುಲಿದರೆ ಆ ಪಕ್ಕಕ್ಕೆ ವಾಲುತ್ತದೆ, ವಿದ್ಯುತ್ತು ಹೋದರೂ ಅಲ್ಲೇ ಉಳಿಯುತ್ತದೆ, ಮತ್ತೊಂದು ತಟ್ಟಿಗೆ ಈ ಪಕ್ಕಕ್ಕೆ. ನೆನಪಿನ ಸಮಸ್ಯೆ ಇದರಿಂದ ಪರಿಹಾರವಾಯಿತು.

ತಟ್ಟು ಕೊಡುವವರಾರು? ರೀಡ್ ಸ್ವಿಚ್ಚು ಎಂಬ ಪುಟ್ಟ ವಸ್ತುವೊಂದಿದೆ. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಾಲ್ಟರ್ ಎಲ್‌ವುಡ್ ಇದನ್ನು ರೂಪಿಸಿದನು. ಬೆಂಕಿಕಡ್ಡಿಗಿಂತ ತುಸು ದಪ್ಪನೆಯ ಗಾಜಿನ ಕೊಳವೆಯೊಳಗೆ ಕಬ್ಬಿಣ ಮಿಶ್ರಲೋಹದ ಎರಡು ತೆಳುಪಟ್ಟಿಗಳು ಕೂದಲೆಳೆಯಷ್ಟು ಅಂತರ ಬಿಟ್ಟು ಎದುರುಬದುರಾಗಿ ನಿಂತಿರುತ್ತವೆ. ಸುತ್ತ ಕಾಂತಕ್ಷೇತ್ರ ಉಂಟಾದರೆ ಅವು ಪರಸ್ಪರ ಆಕರ್ಷಿತವಾಗಿ ಕೂಡಿಕೊಳ್ಳುತ್ತವೆ. ಈ ಕೊಳವೆಯ ಮೇಲೆ ಮೋಟಾರಿಗೆ ಹೋಗುವ ತಂತಿಯನ್ನೇ ಇಪ್ಪತ್ತು ಸುತ್ತು ಸುತ್ತಿರಿ. ಸ್ವಿಚ್ಚು ಕೂಡಿಕೊಳ್ಳಲು 30 ಆಂಪಿಯರ್-ಸುತ್ತುಗಳು ಬೇಕು ಎಂದುಕೊಳ್ಳೋಣ. ನಮ್ಮ ಮೋಟಾರು ಹದವಾಗಿ ಓಡುವಾಗ ಅರ್ಧ ಆಂಪಿಯರನ್ನು ಇಪ್ಪತ್ತರಿಂದ ಗುಣಿಸಿದರೆ ಬರುವುದು ಹತ್ತು, ಪಟ್ಟಿಗಳು ಅಲುಗವು. ಸ್ತಂಭನವಾದೊಡನೆ ಮೂರು ಇಪ್ಪತ್ತಲೇ ಅರವತ್ತು. ಪಟ್ಟಿಗಳು ಟಪ್ಪೆಂದು ಕೂಡುತ್ತವೆ. ಸುತ್ತುಗಳನ್ನು ಹೆಚ್ಚುಕಡಿಮೆ ಮಾಡಿ ಎಷ್ಟು ಒತ್ತಡಕ್ಕೆ ಎಚ್ಚರಗೊಳ್ಳಬೇಕೆಂಬುದನ್ನು ನಾವೇ ಗೊತ್ತುಪಡಿಸಬಹುದು. ಇಷ್ಟು ಸರಳವಾದ, ಕೈಯಿಂದಲೇ ಹದಗೊಳಿಸಬಹುದಾದ ಉಪಾಯವನ್ನು ವಿಜ್ಞಾನ ಪ್ರದರ್ಶನಕ್ಕೆ ಸಿದ್ಧರಾಗುವ ಮಕ್ಕಳು ಏಕೆ ಅಷ್ಟಾಗಿ ಕೈಗೆತ್ತಿಕೊಳ್ಳುವುದಿಲ್ಲವೋ ತಿಳಿಯದು.

ರೀಡ್ ಸ್ವಿಚ್ಚನ್ನು ಇಂಪಲ್ಸ್ ರಿಲೇಗೆ ನೇರವಾಗಿ ಜೋಡಿಸಿದರೆ ಕೆಲಸ ಮುಗಿಯಿತೇ? ಇಲ್ಲ, ಕಷ್ಟ ಆರಂಭವಾಗುವುದೇ ಇಲ್ಲಿ. ನಿಂತ ಮೋಟಾರಿನಲ್ಲಿ ವಿರೋಧಿ ಬಲವಿಲ್ಲವೆಂದು ಹೇಳಿದೆವಷ್ಟೆ? ಈಗತಾನೇ ಹೊರಡುತ್ತಿರುವ ಮೋಟಾರೂ ಆ ಕ್ಷಣದಲ್ಲಿ ನಿಂತ ಮೋಟಾರೇ! ಆದುದರಿಂದ ಹೊರಡುವಾಗಲೂ ಅದು ಅದೇ 3 ಆಂಪಿಯರನ್ನು ಸೆಳೆಯುತ್ತದೆ. ವೇಗ ಬಂದಂತೆ ಪ್ರವಾಹ ಇಳಿಯುತ್ತದೆ. ನಮ್ಮ ರೀಡ್ ಸ್ವಿಚ್ಚಿಗೆ ಈ ಭೇದ ತಿಳಿಯದು. ತಡೆಯನ್ನು ಕಂಡು ದಿಕ್ಕು ಬದಲಿಸುತ್ತದೆ. ಹೊಸ ದಿಕ್ಕಿನಲ್ಲಿ ಹೊರಡುವ ಪ್ರವಾಹವನ್ನೇ ಮತ್ತೊಂದು ತಡೆಯೆಂದು ಭ್ರಮಿಸಿ ಮರಳಿ ಬದಲಿಸುತ್ತದೆ. ಹೀಗೆ ಅತ್ತಲೂ ಹೋಗದೆ ಇತ್ತಲೂ ಬರದೆ ನಿಂತಲ್ಲೇ ತಟತಟನೆ ನಡುಗುತ್ತಿರುತ್ತದೆ. ಸ್ತಂಭನದ ಎಲ್ಲ ಉಪಕರಣಗಳಲ್ಲಿಯೂ ಇರುವ ಮುಖ್ಯ ತೊಡಕು ಇದೇ. ದೊಡ್ಡ ಪ್ರವಾಹವನ್ನು ಗುರುತಿಸುವುದು ಸುಲಭ; ದೊಡ್ಡ ಪ್ರವಾಹ ಎಷ್ಟು ಹೊತ್ತು ನಿಂತಿತು ಎಂಬುದನ್ನು ಗುರುತಿಸಬೇಕು.

ಅದಕ್ಕಾಗಿ ನಡುವೆ ಒಬ್ಬ ತಾಳ್ಮೆಗಾರನನ್ನು ಕೂರಿಸುತ್ತಾರೆ. ಅವನೇ ಕೆಪಾಸಿಟರು. ರೀಡ್ ಸ್ವಿಚ್ಚು ಕೂಡಿಕೊಂಡಾಗ ವಿದ್ಯುತ್ತು ಒಂದು ರೋಧಕದ ಮೂಲಕ, ಕಿರಿದಾದ ನಲ್ಲಿಯಿಂದ ಕೊಡ ತುಂಬುವಂತೆ, ನಿಧಾನವಾಗಿ ಕೆಪಾಸಿಟರನ್ನು ತುಂಬುತ್ತದೆ. ರೋಧ 1000 ಓಮ್, ಕೆಪಾಸಿಟರು 470 ಮೈಕ್ರೋಫ್ಯಾರಡ್ ಆದರೆ ಎರಡರ ಗುಣಲಬ್ಧ 0.47 ಸೆಕೆಂಡು, ಅಷ್ಟು ಹೊತ್ತಿಗೆ ಅದು ಬ್ಯಾಟರಿಯ ವೋಲ್ಟೇಜಿನ ಶೇಕಡಾ 63ರಷ್ಟನ್ನು ಮುಟ್ಟುತ್ತದೆ. ಆ ಮಟ್ಟ ತಲುಪಿದ ಮೇಲೆಯೇ ರಿಲೇಗೆ ಅಪ್ಪಣೆ ಹೋಗುವಂತೆ ಒಂದು ಟ್ರಾನ್ಸಿಸ್ಟರನ್ನೂ, ಟ್ರಾನ್ಸಿಸ್ಟರು ಅಕಾಲದಲ್ಲಿ ಎಚ್ಚರಗೊಳ್ಳದಂತೆ ಅದರ ಮುಂದೆ 3.3 ವೋಲ್ಟಿನ ಒಂದು ಜೀನರ್ ಡಯೋಡನ್ನೂ ಇಡಬೇಕು. ಹೊರಡುವ ಮೋಟಾರು 0.2 ಸೆಕೆಂಡಿನಲ್ಲಿ ವೇಗ ಪಡೆಯುವುದಾದರೆ ಕೊಡ ತುಂಬುವ ಮೊದಲೇ ನಲ್ಲಿ ನಿಂತುಹೋಗುತ್ತದೆ, ಏನೂ ಆಗುವುದಿಲ್ಲ. ನಿಜವಾದ ತಡೆಯಾದರೆ ಅರ್ಧ ಸೆಕೆಂಡಿಗೆ ಕೊಡ ತುಂಬಿ ದಿಕ್ಕು ಬದಲಾಗುತ್ತದೆ. ಒಮ್ಮೆ ಬದಲಾದ ಮೇಲೆ ಕೊಡವನ್ನು ಬೇಗನೆ ಬರಿದುಮಾಡುವ ದಾರಿಯೂ ಇರಬೇಕೆಂಬುದನ್ನು ಮರೆಯಬಾರದು. ಹಳೆಯ ನೀರು ಉಳಿದಿದ್ದರೆ ಮುಂದಿನ ಸಲ ಅದು ಅರ್ಧ ಸೆಕೆಂಡು ಕಾಯುವುದಿಲ್ಲ. ರಿಲೇಯ ಸುರುಳಿಗೆ ಅಡ್ಡವಾಗಿ ಒಂದು ಡಯೋಡು ಅವಶ್ಯ. ಮೋಟಾರಿಗೊಂದು, ಈ ನಿಯಂತ್ರಣದ ಭಾಗಕ್ಕೊಂದು ಎಂದು ಎರಡು ಬೇರೆ ಬೇರೆ ಬ್ಯಾಟರಿಗಳಿದ್ದರೆ ಲೇಸು. ಏಕೆಂದರೆ ಸ್ತಂಭನವಾದಾಗ ಬ್ಯಾಟರಿಯ ವೋಲ್ಟೇಜೇ ಕುಸಿಯುತ್ತದೆ, ತೀರ್ಪು ಕೊಡಬೇಕಾದವನೇ ತಲೆ ತಿರುಗಿ ಬಿದ್ದಂತಾಗುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ದಿಕ್ಕು ಬದಲಿಸುವ ಆಘಾತದಿಂದಲೇ ಮೋಟಾರು ಕೆಡದೇ? ವೇಗವಾಗಿ ಓಡುತ್ತಿರುವಾಗ ಬದಲಿಸಿದರೆ ಭಯ ಉಂಟು. ಆಗ 5 ವೋಲ್ಟಿನ ವಿರೋಧಿ ಬಲ ಬ್ಯಾಟರಿಗೆ ಎದುರಾಗುವ ಬದಲು ಅದರ ಜೊತೆಗೂಡಿ 11 ವೋಲ್ಟಾಗುತ್ತದೆ. ಪ್ರವಾಹ ಐದೂವರೆ ಆಂಪಿಯರು. ಆದರೆ ಸ್ತಂಭಿತವಾದ ಮೋಟಾರಿನಲ್ಲಿ ವಿರೋಧಿ ಬಲ ಸೊನ್ನೆಯಾದುದರಿಂದ, ಬದಲಿಸಿದಾಗಲೂ 3 ಆಂಪಿಯರಿಗೆ ಮೀರುವುದಿಲ್ಲ. ನಿಂತ ಮೇಲೆ ಹಿಂದಿರುಗಿಸುವುದು, ಓಡುತ್ತಿರುವುದನ್ನು ಹಿಂದಿರುಗಿಸುವುದಕ್ಕಿಂತ ವಿದ್ಯುತ್ತಿನ ದೃಷ್ಟಿಯಿಂದ ಸೌಮ್ಯವಾದುದು. ಹಲ್ಲುಚಕ್ರಗಳ ದೃಷ್ಟಿಯಿಂದ ನಡುವೆ ಕಾಲು ಸೆಕೆಂಡಿನ ವಿರಾಮ ಕೊಟ್ಟರೆ ಒಳ್ಳೆಯದು.

ಈಗಿನ ಮಕ್ಕಳು ಕೆಪಾಸಿಟರು, ರಿಲೇಗಳ ಗೊಡವೆಗೆ ಹೋಗದೆ, 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳಿಗಾಗಿಯೇ ಹುಟ್ಟಿದ ಆರ್ಡುಯಿನೋ ಫಲಕವನ್ನು ಹಿಡಿಯುತ್ತಾರೆ. ತಪ್ಪೇನೂ ಇಲ್ಲ. ಮೋಟಾರಿನ ದಾರಿಯಲ್ಲಿ 0.1 ಓಮಿನ ರೋಧಕವೊಂದನ್ನು ಇಟ್ಟರೆ 3 ಆಂಪಿಯರಿಗೆ ಅದರ ತುದಿಗಳ ನಡುವೆ 0.3 ವೋಲ್ಟು ಕಾಣುತ್ತದೆ. ಫಲಕವು ಅದನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆಯಬಲ್ಲುದು. ದಿಕ್ಕು ಬದಲಿಸಲು ‘ಎಚ್’ ಅಕ್ಷರದ ಆಕಾರದಲ್ಲಿ ಜೋಡಿಸಿದ ನಾಲ್ಕು ಟ್ರಾನ್ಸಿಸ್ಟರುಗಳ ಸೇತುವೆ ಸಾಕು: ಕರ್ಣದ ಒಂದು ಜೋಡಿ ತೆರೆದರೆ ಮುಂದಕ್ಕೆ, ಇನ್ನೊಂದು ಜೋಡಿ ತೆರೆದರೆ ಹಿಂದಕ್ಕೆ. ಒಂದೇ ಪಕ್ಕದ ಮೇಲಿನದೂ ಕೆಳಗಿನದೂ ಒಟ್ಟಿಗೆ ತೆರೆದರೆ ಮಾತ್ರ ಬ್ಯಾಟರಿ ನೇರವಾಗಿ ತನ್ನನ್ನೇ ಸುಟ್ಟುಕೊಳ್ಳುತ್ತದೆ. ಅಂಗಡಿಯವನು ಅಗ್ಗವೆಂದು ಕೈಗಿಡುವ ಎಲ್293ಡಿ ಎಂಬ ಸಿದ್ಧ ಸೇತುವೆ ಸತತವಾಗಿ ತಾಳುವುದು 0.6 ಆಂಪಿಯರನ್ನು ಮಾತ್ರ. ಓಟದ ಪ್ರವಾಹವನ್ನು ನೋಡಿ ಸೇತುವೆಯನ್ನು ಆರಿಸಬಾರದು, ಸ್ತಂಭನದ ಪ್ರವಾಹವನ್ನು ನೋಡಿ ಆರಿಸಬೇಕು. ಕ್ರಮವಿಧಿಯನ್ನು ಬರೆಯುವಾಗ, ಹೊರಟ ಮೊದಲ ಅರ್ಧ ಸೆಕೆಂಡು ಕಣ್ಣು ಮುಚ್ಚಿಕೊಂಡಿರಬೇಕು, ಆಮೇಲೆ ಅಳೆಯುತ್ತಿರಬೇಕು, ಮಿತಿ ಮೀರಿದ ಪ್ರವಾಹ ಹತ್ತನೆಯ ಒಂದು ಸೆಕೆಂಡು ಎಡೆಬಿಡದೆ ನಿಂತರೆ ವಿದ್ಯುತ್ತನ್ನು ಕಡಿದು, ತುಸು ತಡೆದು, ಹಿಂದಿರುಗಿಸಬೇಕು ಎಂದು ಬರೆಯಿರಿ. ಕೆಲವೇ ಸೆಕೆಂಡುಗಳಲ್ಲಿ ಮೂರು ಸಲ ಹಿಂದಿರುಗಬೇಕಾಗಿ ಬಂದರೆ ಪೂರ್ತಿ ನಿಂತುಬಿಡಬೇಕು ಎಂಬ ಸಾಲನ್ನು ಖಂಡಿತವಾಗಿ ಸೇರಿಸಿರಿ. ಎರಡು ಕಡೆಯೂ ಸಿಕ್ಕಿಬಿದ್ದ ಯಂತ್ರ ರಾತ್ರಿಯಿಡೀ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿರುವುದು ಯಾರಿಗೂ ಹಿತವಲ್ಲ.

ಈಗ ಕಾರಿನ ಕಿಟಕಿಗೆ ಬರೋಣ. ಗಾಜು ಸೆಕೆಂಡಿಗೆ 10 ಸೆಂಟಿಮೀಟರು ಏರುತ್ತದೆ ಎಂದಿಟ್ಟುಕೊಂಡರೆ, ನಮ್ಮ ಕೆಪಾಸಿಟರಿನ ಅರ್ಧ ಸೆಕೆಂಡಿನ ತಾಳ್ಮೆಗೆ 5 ಸೆಂಟಿಮೀಟರು ಏರಿಕೆ. ಮಗುವಿನ ಬೆರಳಿನ ದಪ್ಪವೇ ಒಂದು ಸೆಂಟಿಮೀಟರಿಲ್ಲ! ಕಾಗದ ಕತ್ತರಿಸುವ ಯಂತ್ರಕ್ಕೆ ಒಪ್ಪುವ ತಾಳ್ಮೆ ಇಲ್ಲಿ ಕ್ರೌರ್ಯವಾಗುತ್ತದೆ. ಅಲ್ಲದೆ ಸ್ತಂಭನವಾಗುವವರೆಗೆ ಕಾಯುವುದೆಂದರೆ ಮೋಟಾರಿನ ಪೂರ್ಣ ಬಲ ಬೆರಳಿನ ಮೇಲೆ ಬೀಳುವವರೆಗೆ ಕಾದಂತೆಯೇ. ಅಮೆರಿಕದ ವಾಹನ ಸುರಕ್ಷತಾ ನಿಯಮಗಳಲ್ಲಿ 118ನೆಯದು, ತಾನಾಗಿ ಹಿಂದಿರುಗುವ ಕಿಟಕಿಯು 4ರಿಂದ 200 ಮಿಲಿಮೀಟರ್ ವ್ಯಾಸದ ಪರೀಕ್ಷಾದಂಡವನ್ನು 100 ನ್ಯೂಟನ್ನಿನಷ್ಟು ಬಲದಿಂದ ಹಿಸುಕುವ ಮೊದಲೇ ನಿಂತು ಹಿಂದಿರುಗಬೇಕೆಂದು ವಿಧಿಸುತ್ತದೆ. 100 ನ್ಯೂಟನ್ ಎಂದರೆ ಸುಮಾರು ಹತ್ತು ಕಿಲೋಗ್ರಾಮಿನ ಭಾರ. ಒಂದು ಸಣ್ಣ ಅಕ್ಕಿಮೂಟೆ.

ಆದುದರಿಂದ ಇಂಥಲ್ಲಿ ಪ್ರವಾಹವನ್ನು ಮಾತ್ರ ನಂಬದೆ ಸುತ್ತುಗಳನ್ನೇ ಎಣಿಸುತ್ತಾರೆ. ಮೋಟಾರಿನ ಅಕ್ಷದಂಡಕ್ಕೆ ಬಳೆಯಂತಹ ಪುಟ್ಟ ಕಾಂತವನ್ನು ತೊಡಿಸಿ, ಪಕ್ಕದಲ್ಲಿ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಒಂದು ಸಂವೇದಕವನ್ನು ಕೂರಿಸುತ್ತಾರೆ. ಕಾಂತದ ಧ್ರುವ ಹಾದುಹೋದಾಗಲೆಲ್ಲ ಅದು ಒಂದು ಮಿಡಿತವನ್ನು ಕಳುಹಿಸುತ್ತದೆ. ಎರಡು ಮಿಡಿತಗಳ ನಡುವಣ ಕಾಲ ತುಸು ಹಿಗ್ಗಿದರೂ ‘ಗಾಜಿಗೆ ಏನೋ ತಗುಲಿದೆ’ ಎಂದರ್ಥ. ಮೋಟಾರು ನಿಲ್ಲುವವರೆಗೆ ಕಾಯಬೇಕಾಗಿಲ್ಲ, ನಿಧಾನಿಸಿದಾಗಲೇ ಹಿಂದಿರುಗಿಸಬಹುದು. ಮಿಡಿತಗಳನ್ನು ಕೂಡುತ್ತ ಹೋದರೆ ಗಾಜು ಎಷ್ಟು ಎತ್ತರದಲ್ಲಿದೆ ಎಂಬುದೂ ತಿಳಿಯುತ್ತದೆ. ಇದರ ಉಪಯೋಗ ದೊಡ್ಡದು: ಗಾಜು ಕೊನೆಗೆ ಮೇಲಿನ ರಬ್ಬರಿನೊಳಗೆ ಸೇರಿಕೊಳ್ಳುವಾಗಲೂ ತಡೆ ಬರುತ್ತದೆ, ಅದನ್ನೂ ಬೆರಳೆಂದು ಬಗೆದು ಹಿಂದಿರುಗಿದರೆ ಕಿಟಕಿ ಎಂದೂ ಮುಚ್ಚದು. ಕೊನೆಯ ಕೆಲವು ಮಿಲಿಮೀಟರುಗಳಲ್ಲಿ ಮಾತ್ರ ಹಿಂದಿರುಗಬಾರದೆಂದು ಎಣಿಕೆಯ ಬಲದಿಂದ ಹೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಪ್ರವಾಹವನ್ನು ಅಳೆಯುವುದು ಅಗ್ಗದ ಮಾರ್ಗ, ಸುತ್ತನ್ನು ಎಣಿಸುವುದು ಪ್ರಾಮಾಣಿಕವಾದ ಮಾರ್ಗ. ಬ್ಯಾಟರಿ ಸೊರಗಿದಾಗ ಪ್ರವಾಹದ ಅಂಕಿ ಸುಳ್ಳು ಹೇಳಬಹುದು. ಮೋಟಾರು ತಿರುಗುತ್ತಿದೆಯೇ ಇಲ್ಲವೇ ಎಂಬುದರಲ್ಲಿ ಎಣಿಕೆ ಸುಳ್ಳು ಹೇಳದು.

ಎಲ್ಲೆಡೆಯೂ ಹಿಂದಿರುಗುವುದೇ ಸರಿಯೆಂದು ತಿಳಿಯಬಾರದು. ಭಾರವನ್ನು ಮೇಲೆತ್ತುವ ಯಂತ್ರ ಅರ್ಧದಲ್ಲಿ ಸಿಕ್ಕಿಕೊಂಡಾಗ ತಾನೇ ಹಿಂದಿರುಗಿತೆಂದರೆ, ಕೆಳಗೆ ನಿಂತವನ ತಲೆಯ ಮೇಲೆ ಭಾರವನ್ನು ಇಳಿಸಿದಂತಾಗುತ್ತದೆ. ಅಲ್ಲಿ ನಿಂತು, ಬಿಗಿಹಿಡಿದು, ಗಂಟೆ ಬಾರಿಸುವುದೇ ಯುಕ್ತ. ಸಿಕ್ಕಿಕೊಂಡ ಯಂತ್ರದಿಂದ ಏನನ್ನಾದರೂ ಬಿಡಿಸಲು ಕೈ ಹಾಕುವವರು ಮೊದಲು ಪ್ಲಗ್ಗನ್ನು ಕೀಳಬೇಕೆಂದು ಹೇಳುವುದೂ ಇದಕ್ಕಾಗಿಯೇ. ತಾನಾಗಿ ಹೊರಡಬಲ್ಲ ಯಂತ್ರ, ಬಿಡಿಸುವ ಕೈ ಯಾರದೆಂದು ವಿಚಾರಿಸುವುದಿಲ್ಲ.

ಕೊನೆಯದಾಗಿ, ಸಂವೇದಕ, ರಿಲೇ, ಫಲಕ ಯಾವುದೂ ಇಲ್ಲದೆಯೇ ತಡೆದಾಗ ಹಿಂದಿರುಗುವ ಒಂದು ಮೋಟಾರನ್ನು ಪರಿಚಯಿಸಬೇಕು. ಮೈಕ್ರೋವೇವ್ ಒಲೆಯೊಳಗಿನ ಗಾಜಿನ ತಟ್ಟೆಯನ್ನು ತಿರುಗಿಸುವುದು ಅದೇ. ಅನೇಕ ಒಲೆಗಳ ತಟ್ಟೆ ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ತಿರುಗುವುದನ್ನು ನೀವು ಕಂಡಿರಬಹುದು. ದೊಡ್ಡ ಪಾತ್ರೆಯೊಂದು ಗೋಡೆಗೆ ತಾಗಿದರೆ ತಟ್ಟೆ ತಾನೇ ಮರಳಿ ತಿರುಗತೊಡಗುತ್ತದೆ. ಈ ಮೋಟಾರಿನ ತಿರುಗುವ ಭಾಗ ಒಂದು ಶಾಶ್ವತ ಕಾಂತ; ಸುತ್ತಲಿನ ಒಂಟಿ ಸುರುಳಿಗೆ ಮನೆಯ ಪರ್ಯಾಯ ವಿದ್ಯುತ್ತು ಹರಿಯುತ್ತದೆ. ಒಂಟಿ ಸುರುಳಿಯ ಕಾಂತಕ್ಷೇತ್ರ ಸುತ್ತುವುದಿಲ್ಲ, ಉಯ್ಯಾಲೆಯಂತೆ ಹಿಂದುಮುಂದಾಗಿ ತೂಗುತ್ತದೆ. ಅಂತಹ ತೂಗಾಟವನ್ನು ಸಮಬಲದ, ವಿರುದ್ಧ ದಿಕ್ಕಿನಲ್ಲಿ ಸುತ್ತುವ ಎರಡು ಕ್ಷೇತ್ರಗಳ ಮೊತ್ತವೆಂದು ಗಣಿತದಿಂದ ತೋರಿಸಬಹುದು. ಕಾಂತವು ಎರಡರಲ್ಲಿ ಯಾವುದರ ಕೈಯನ್ನು ಮೊದಲು ಹಿಡಿಯುತ್ತದೆಯೋ ಅದರೊಡನೆ, ಅದೇ ಹೆಜ್ಜೆಗೆ ಹೆಜ್ಜೆಯಿಟ್ಟು, ತಿರುಗುತ್ತದೆ. ತಡೆ ಬಂದಾಗ ಪುಟಿದು ಹಿಂದಕ್ಕೆ ಸರಿದೊಡನೆ ಇನ್ನೊಂದು ಕ್ಷೇತ್ರ ಅದರ ಕೈ ಹಿಡಿಯುತ್ತದೆ. ಇಂತಹ ಮೋಟಾರುಗಳ ಮೇಲೆ ಅನೇಕ ವೇಳೆ 5/6 ಎಂದು ಅಚ್ಚಾಗಿರುವುದುಂಟು: 50 ಹರ್ಟ್ಸಿನ ನಮ್ಮ ದೇಶದಲ್ಲಿ ನಿಮಿಷಕ್ಕೆ ಐದು ಸುತ್ತು, 60 ಹರ್ಟ್ಸಿನ ದೇಶಗಳಲ್ಲಿ ಆರು. ಕೆಲವೇ ವ್ಯಾಟಿನ ಈ ಮೋಟಾರಿನ ಸುರುಳಿ ಬಹಳ ಸಣ್ಣ ತಂತಿಯ ಸಾವಿರಾರು ಸುತ್ತುಗಳಿಂದಾದುದು. ಪೂರ್ತಿ ತಡೆದು ಹಿಡಿದರೂ ಪ್ರವಾಹ ಹೆಚ್ಚಾಗಿ ಬದಲಾಗದು, ಸುಡುವ ಭಯವಿಲ್ಲ.

ಎರಡೂ ದಿಕ್ಕಿಗೆ ಸಮಾನ ಪ್ರೀತಿಯಿರುವ ಈ ಸ್ವಭಾವ ಎಲ್ಲ ಕಡೆಯೂ ಹೊಂದುವುದಿಲ್ಲ. ಇದೇ ಜಾತಿಯ ಮೋಟಾರಿನಿಂದ ನಡೆಯುತ್ತಿದ್ದ ಹಳೆಯ ವಿದ್ಯುತ್ ಗಡಿಯಾರಗಳು ಹಿಂದಕ್ಕೆ ನಡೆದರೆ ಗತಿಯೇನು? ಅವುಗಳಲ್ಲಿ ಒಂದು ಪುಟ್ಟ ಕೊಕ್ಕೆಯನ್ನು ಇಡುತ್ತಿದ್ದರು. ಮೋಟಾರು ತಪ್ಪು ದಿಕ್ಕಿಗೆ ಹೊರಟರೆ ಕೊಕ್ಕೆಗೆ ಬಡಿದು, ಪುಟಿದು, ಸರಿಯಾದ ದಿಕ್ಕನ್ನೇ ಹಿಡಿಯುತ್ತಿತ್ತು. ಮೀನಿನ ತೊಟ್ಟಿಯ ಪಂಪುಗಳನ್ನು ಮಾಡುವವರು ಆ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಅಂತಹ ಪಂಪೊಂದನ್ನು ಬಿಚ್ಚಿ ನೋಡಿರಿ: ನೀರನ್ನು ತಳ್ಳುವ ಚಕ್ರದ ಎಲೆಗಳು ಬಾಗಿರುವುದಿಲ್ಲ, ನೆಟ್ಟಗಿರುತ್ತವೆ. ಎತ್ತ ತಿರುಗಿದರೂ ನೀರು ಮೇಲೇರುತ್ತದೆ.